ಜೋಡಿಯಾಗಿ ರಾಕ್ ಕಾರ್ಯಕ್ರಮಕ್ಕೆ ಹೊರಟಿರಾ?

ಬೆಂಗಳೂರಿನ ರಾಕ್ ಹುಚ್ಚು ಹಳೆಯದು. ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಹಾಡಿದಾಗ ಪರ ಊರುಗಳಿಂದಲೂ ಜನ ಬಂದಿದ್ದರು. ಆದರೆ ಜೋಡಿಯಲ್ಲಿ ಹುಚ್ಚು ಸಾಮಾನ್ಯವಾಗಿ ಒಬ್ಬರಿಗೇ. ಇನ್ನೊಬ್ಬರು ಬರುವುದು ಪ್ರೀತಿಗೆ. ಹುಚ್ಚು ನಿಮ್ಮದಾದರೆ ತಯಾರಿಯೂ ನಿಮ್ಮದೇ.

ವಾರ ಮುಂಚೆ ನಾಲ್ಕೈದು ಹಾಡು ಕೇಳಿಸಿ, ಸಾಕು. ಬ್ಯಾಂಡಿನ ಇಡೀ ಚರಿತ್ರೆ ಒಪ್ಪಿಸಬೇಡಿ. ಮೈದಾನದಲ್ಲಿ ಗೊತ್ತಿರುವ ಹಾಡು ಶುರುವಾದರೆ ಅವರೇ ಕೈಯೆತ್ತಿ ಕುಣಿಯುತ್ತಾರೆ.

ವೇದಿಕೆಯ ಮುಂದಿನ ನೂಕುನುಗ್ಗಲಿಗೆ ಅವರನ್ನು ಎಳೆಯಬೇಡಿ. ಸೌಂಡ್ ಎಂಜಿನಿಯರ್ ಕೂರುವ ಮಿಕ್ಸರ್ ಬಳಿ ನಿಲ್ಲಿ. ಎಂಜಿನಿಯರ್ ಶಬ್ದ ಹೊಂದಿಸುವುದು ತಮ್ಮ ಕಿವಿಗೆ ಕೇಳಿದಂತೆ. ಹಾಗಾಗಿ ಗಿಟಾರು, ಡ್ರಮ್ಮು, ಗಾಯಕನ ದನಿ ಅಲ್ಲಿ ಬಿಡಿಬಿಡಿಯಾಗಿ ಕೇಳುತ್ತವೆ.

ರಾಕ್ ಕಾರ್ಯಕ್ರಮದ ಸದ್ದು 100 ಡೆಸಿಬಲ್ ದಾಟುವುದು ಮಾಮೂಲು. ಆ ಮಟ್ಟದಲ್ಲಿ ಕಿವಿಗೆ ಸುರಕ್ಷಿತ ಅವಧಿ ದಿನಕ್ಕೆ ಬರೀ 15 ನಿಮಿಷ ಎನ್ನುತ್ತದೆ ಅಮೆರಿಕದ ನಿಯೋಶ್ ಸಂಸ್ಥೆಯ ಲೆಕ್ಕ. ಹತ್ತಿ ತುರುಕಿದರೆ ಸಾಲದು. ಇಬ್ಬರಿಗೂ ಇಯರ್‌ಪ್ಲಗ್ ಕೊಳ್ಳಿ.

ಜನ ಕಿಕ್ಕಿರಿದ ಕಡೆ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ. ಗುಂಪಿನಲ್ಲಿ ತಪ್ಪಿಸಿಕೊಂಡರೆ ಎಲ್ಲಿ ಸೇರುವುದೆಂದು ಒಳಗೆ ಹೋಗುವಾಗಲೇ ಜಾಗ ಗೊತ್ತುಮಾಡಿಕೊಳ್ಳಿ. ಹೊಟ್ಟೆಗೆ ಹಾಕಿಕೊಂಡೇ ಹೋಗಿ, ಹಳೆಯ ಶೂ ಮೆಟ್ಟಿ.

ಒಂದು ಹಾಡಿನ ವಿಡಿಯೊ ಸಾಕು, ಆಮೇಲೆ ಫೋನು ಜೇಬಿಗೆ. ಸಂಗಾತಿಗೆ ಕಾಲು ನೋವು ಬಂದರೆ ಕೊನೆಯ ಹಾಡು ಬಿಟ್ಟು ಹೊರಟರೂ ಅಡ್ಡಿಯಿಲ್ಲ. ಮುಂದಿನ ಸಲ ಅವರ ಮೆಚ್ಚಿನ ಯಕ್ಷಗಾನಕ್ಕೋ ಭಾವಗೀತೆಗೋ ನೀವೂ ಗೊಣಗದೆ ಹೋಗಿ.