ಚೇತರಿಕೆ ವಾರ್ಡಿನಲ್ಲಿ ಸೇವೆಗೆ ಹೊರಟವರಿಗೆ

ರಾಯಚೂರಿನ ರಿಮ್ಸ್‌ಗೆ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಿಂದಲೂ ಆಪರೇಷನ್‌ಗೆ ಬರುತ್ತಾರೆ. ಅಂಥ ಆಸ್ಪತ್ರೆಯ ಚೇತರಿಕೆ ವಾರ್ಡಿನಲ್ಲಿ ಸೇವೆ ಮಾಡುವ ಮನಸ್ಸಿದ್ದರೆ ಇಷ್ಟು ತಿಳಿದಿರಲಿ.

ಅರಿವಳಿಕೆ ಇಳಿಯುವಾಗ ರೋಗಿ ನಡುಗಬಹುದು, ವಾಂತಿ ಮಾಡಬಹುದು, ಏನೇನೋ ಬಡಬಡಿಸಬಹುದು. ಗಾಬರಿಯಾಗದೆ ಕೂಡಲೇ ಸಿಸ್ಟರ್‌ಗೆ ಹೇಳಿ. "ಒಂದು ಗುಟುಕು ನೀರು ಕೊಡ್ರೀ" ಎಂದು ಅಂಗಲಾಚಿದರೂ ಸಿಸ್ಟರ್ ಅವರನ್ನು ಕೇಳದೆ ಕೊಡಬೇಡಿ. ಪೂರ್ತಿ ಎಚ್ಚರವಿಲ್ಲದಿದ್ದರೆ ನೀರು ಶ್ವಾಸಕೋಶಕ್ಕೆ ಇಳಿದೀತು. ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಹೋಗುವ ಮುನ್ನ ಕೈ ತೊಳೆಯಿರಿ. ಫೋಟೊ ಬೇಡವೇ ಬೇಡ.

ಹೊರಗೆ ಕಾದು ಕೂತ ಮನೆಯವರಿಗೂ ನೀವು ಬೇಕು: ಲ್ಯಾಬ್ ಯಾವ ಕಡೆ, ಚೀಟಿಯಲ್ಲಿ ಏನು ಬರೆದಿದೆ ಎಂದು ಸಮಾಧಾನದಿಂದ ತಿಳಿಹೇಳಿ. ತೆಲುಗು, ಉರ್ದು ನಾಲ್ಕು ಮಾತು ಬಂದರೆ ಇನ್ನೂ ಒಳ್ಳೆಯದು. ವಾರಕ್ಕೆ ಎರಡೇ ಗಂಟೆಯಾದರೂ ಸರಿ, ಹೇಳಿದ ಹೊತ್ತಿಗೆ ತಪ್ಪದೆ ಹೋಗಿ.