ಹೊಲದಡಿಯ ಕಲ್ಲು: ಹೆಸರೇನು, ವಯಸ್ಸೆಷ್ಟು?



ಹಿಂದಿನ ಬೇಸಗೆಯಲ್ಲಿ ನಮ್ಮ ಕಡೆಯ ರೈತರೊಬ್ಬರು ಬಾವಿ ತೋಡಿಸಿದರು. ಮೂವತ್ತು ಅಡಿಗೆ ಇಡೀ ಬಂಡೆ ಸಿಕ್ಕಿತು. ಮದ್ದಿಟ್ಟು ಸಿಡಿಸಿದರೂ ನೀರಿನ ಪಸೆ ಇಲ್ಲ. ಎರಡು ಬೆಳೆಯ ಹಣ ಬಂಡೆಯ ಪಾಲಾಯಿತು. ಆ ಜಾಗ ನೋಡಿ "ಆಗಬಹುದು" ಎಂದವನು ನಾನೇ. ಮೇಲಿನ ಮಣ್ಣು ನೋಡಿದ್ದೆ, ಕೆಳಗಿನ ಕಲ್ಲನ್ನು ನೋಡಿರಲಿಲ್ಲ. ಆದುದರಿಂದ ಈ ಸಲ ಕಲ್ಲಿನ ಪಾಠ.

ನಮ್ಮ ನಾಡಿನ ಕಲ್ಲುಗಳು ಭೂಮಿಯ ಬಹು ಹಳೆಯ ಕಲ್ಲುಗಳ ಸಾಲಿಗೆ ಸೇರಿದವು. ಮುಖ್ಯವಾಗಿ ಮೂರನ್ನು ಗುರುತಿಸಲು ಕಲಿಯೋಣ.

1. ನೈಸ್ ಶಿಲೆ: ಕಂಬಳಿಯ ಪಟ್ಟೆಯಂತೆ ಬಿಳಿ, ಕಪ್ಪು ಪಟ್ಟೆಗಳಿರುವ ಕಲ್ಲು. ಬಹುಭಾಗದ ವಯಸ್ಸು 300 ರಿಂದ 340 ಕೋಟಿ ವರ್ಷ. ಇದಕ್ಕೆ 'ಪೆನಿನ್ಸುಲರ್ ನೈಸ್' ಎಂದು ಹೆಸರಿಟ್ಟವರು ಸ್ಮೀತ್, 1916 ರಲ್ಲಿ. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಇದೇ.

2. ಧಾರವಾಡ ಶಿಲೆಗಳು: ಪದರ ಪದರವಾಗಿ ಏಳುವ ಕಲ್ಲುಗಳು. 1880 ರ ದಶಕದಲ್ಲಿ ಬ್ರೂಸ್ ಫೂಟ್ ಈ ಹೆಸರು ಕೊಟ್ಟರು. ಕೆಳಗಿನದು ಬಾಬಾಬುಡನ್ ಗುಂಪು, ಮೇಲಿನದು ಚಿತ್ರದುರ್ಗ ಗುಂಪು. ವಯಸ್ಸು ಸುಮಾರು 260 ರಿಂದ 290 ಕೋಟಿ ವರ್ಷ. ಬಾಬಾಬುಡನ್ ಗಿರಿಯ ಕಬ್ಬಿಣದ ಅದಿರು ಇದರಲ್ಲಿಯೇ ಇದೆ.

3. ಕ್ಲೋಸ್‌ಪೇಟೆ ಗ್ರಾನೈಟ್: ರಾಮನಗರದ ಹಳೆಯ ಹೆಸರಿನಿಂದ ಬಂದದ್ದು. ದಪ್ಪ ಹರಳಿನ, ಹಲವೆಡೆ ನಸುಗೆಂಪಿನ ಕಲ್ಲು. ವಯಸ್ಸು ಸುಮಾರು 250 ಕೋಟಿ ವರ್ಷ.

ಹಿರಿಯ ಯಾವುದು, ಕಿರಿಯ ಯಾವುದು ಎಂದು ತಿಳಿಯುವುದು ಹೇಗೆ? ಮುದ್ದೆಯೊಳಗೆ ಕಾಳು ಸಿಕ್ಕರೆ, ಮುದ್ದೆ ಕಟ್ಟುವ ಮೊದಲೇ ಕಾಳು ಇತ್ತೆಂದು ಅರ್ಥವಲ್ಲವೆ? ಧಾರವಾಡ ಶಿಲೆಗಳೇ ಎಲ್ಲಕ್ಕಿಂತ ಹಳೆಯವೆಂದು ಸ್ಮೀತ್ ಎಣಿಸಿದ್ದರು. ಆದರೆ ಆ ಪದರಗಳಲ್ಲಿ ಹಳೆಯ ನೈಸಿನ ಗುಂಡುಕಲ್ಲುಗಳು ಸಿಕ್ಕಿದವು. ಲೆಕ್ಕ ತಿರುಗಿತು. ನೈಸ್ ಅಣ್ಣ, ಧಾರವಾಡ ತಮ್ಮ ಎಂದಾಯಿತು. ಬಲ್ಲವರೂ ನೆಲ ನೋಡಿ ತಮ್ಮ ಲೆಕ್ಕ ತಿದ್ದಿಕೊಂಡರು. ನಾವು ತಿದ್ದಿಕೊಳ್ಳಲು ನಾಚಬೇಕಾಗಿಲ್ಲ.

ಇದರಿಂದ ನಮಗೇನು ಲಾಭ? ಈ ಗಟ್ಟಿ ಕಲ್ಲುಗಳ ಮೈಯಲ್ಲಿ ನೀರಿಲ್ಲ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ ಮತ್ತು ಬಿರುಕುಗಳಲ್ಲಿ. ಬೋಳು ಬಂಡೆಯ ಮಗ್ಗುಲಿಗಿಂತ ತಗ್ಗಿನ, ಗರಸು ಆಳವಾಗಿರುವ ಜಾಗ ಮೇಲು. ಕರಿಕಲ್ಲಿನ ಸಾಲು ಹೊಲಕ್ಕೆ ಅಡ್ಡ ಹಾಯ್ದಿದ್ದರೆ ಅದು ನೆಲದೊಳಗಿನ ಕಟ್ಟೆಯಂತೆ ನೀರನ್ನು ತಡೆಯುವುದುಂಟು. ಅಲ್ಲಿ ಮೇಲ್ದಿಕ್ಕಿನ ಪಕ್ಕವನ್ನು ಮೊದಲು ಪರೀಕ್ಷಿಸಿರಿ.

ಗುದ್ದಲಿ ಹಾಕುವ ಮುನ್ನ ನೆರೆಯ ಎರಡು ಬಾವಿಗಳಿಗೆ ಇಳಿದು, ಎಷ್ಟು ಅಡಿಗೆ ಗರಸು ಮುಗಿದು ಬಂಡೆ ಬಂತೆಂದು ಅಳೆದು ಬರೆದಿಡಿರಿ. ಅನುಮಾನವಿದ್ದರೆ ಅಂತರ್ಜಲ ಬಲ್ಲ ಭೂವಿಜ್ಞಾನಿಗಳಿಗೆ ತೋರಿಸಿರಿ. ನಾನೂ ಈಗ ಹಾಗೆಯೇ ಮಾಡುತ್ತೇನೆ.