ಟ್ಯಾಬ್ಲೆಟ್ಟೋ, ಲ್ಯಾಪ್‌ಟಾಪೋ?

ಊರಿಂದ ಸಿಡ್ನಿಯ ನಾರ್ವೆಸ್ಟ್‌ಗೆ, ಮಗಳ ಮನೆಗೆ ಬಂದಿರೋ ಅಮ್ಮನಿಗೆ ಯಾವುದು ಕೊಡಿಸೋದು? ಬೆಲೆ ನೋಡೋ ಮೊದಲು ಕೇಳಿ: ಅವರು ಹೆಚ್ಚಾಗಿ ಓದ್ತಾರಾ, ಬರೀತಾರಾ?

ಪತ್ರಿಕೆ ಓದೋಕೆ, ಊರಿನವರ ಜೊತೆ ವಿಡಿಯೋದಲ್ಲಿ ಮಾತಾಡೋಕೆ ಟ್ಯಾಬ್ಲೆಟ್ ಸಾಕು. ಬೆರಳು ತಾಗಿದ್ರೆ ಪರದೆಯ ವಿದ್ಯುತ್ ಕ್ಷೇತ್ರ ಬದಲಾಗುತ್ತೆ. ಯಂತ್ರಕ್ಕೆ ಅದೇ ಸೂಚನೆ. ಮೌಸ್ ಕಲಿಯೋ ಕಷ್ಟವಿಲ್ಲ. ಎರಡು ಬೆರಳು ಅಗಲಿಸಿದ್ರೆ ಅಕ್ಷರ ದೊಡ್ಡದಾಗುತ್ತೆ.

ಆದರೆ ಅಮ್ಮನಿಗೆ ತಮ್ಮ ಬಾಲ್ಯದ ನೆನಪು ಬರೆಯೋ ಆಸೆ ಇದ್ರೆ? ಟ್ಯಾಬ್ಲೆಟ್‌ನಲ್ಲಿ ಕೀಲಿಮಣೆಯೇ ಪರದೆಯ ದೊಡ್ಡ ಭಾಗ ನುಂಗುತ್ತೆ. ಲ್ಯಾಪ್‌ಟಾಪ್‌ನಲ್ಲಿ ಕೆ.ಪಿ. ರಾವ್ ರೂಪಿಸಿದ ಕೀಲಿವಿನ್ಯಾಸ ಹಾಕಿಕೊಳ್ಳಬಹುದು: ‘ಕೆ’ ಒತ್ತಿದ್ರೆ ಕ, ಜೊತೆಗೆ ‘ಐ’ ಒತ್ತಿದ್ರೆ ಕಿ. ಉಚ್ಚಾರಣೆಯೇ ದಾರಿ ತೋರಿಸುತ್ತೆ.

ಅಂಗಡಿಗೆ ಅಮ್ಮನನ್ನೇ ಕರ್ಕೊಂಡು ಹೋಗಿ. ಬಳಸೋದು ಅವರ ಬೆರಳು, ನಿಮ್ಮದಲ್ಲ.